ಹುಲ್ಲುಹಾಸು ತೆಗೆದು ತಂಗಡಿ ನೆಟ್ಟೆವು: ಚಿತ್ರದುರ್ಗದ ನಮ್ಮ ಅಂಗಳ

ಚಿತ್ರದುರ್ಗದ ಹೊರವಲಯದಲ್ಲಿ ಮನೆ ಕಟ್ಟಿಸಿದ ಮರುವರ್ಷ, ಅಂದರೆ 2018ರಲ್ಲಿ, ಮನೆಯ ಮುಂದಿನ ಸುಮಾರು 600 ಚದರಡಿ ಜಾಗಕ್ಕೆ ಎಲ್ಲರಂತೆ ನಾವೂ ಹುಲ್ಲುಹಾಸು ಹಾಕಿಸಿದೆವು. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ.ನಷ್ಟು ನೀರು ಆವಿಯಾಗುತ್ತದೆ ಎಂದು ಹಿಡಿದರೂ ಅಷ್ಟು ಜಾಗಕ್ಕೆ ನಿತ್ಯ 280 ಲೀಟರ್ ನೀರು ಬೇಕು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ, ಏಪ್ರಿಲ್ ಬಂತೆಂದರೆ ಕೊಳವೆಬಾವಿ ಅರ್ಧ ಗಂಟೆಗೆ ಗಾಳಿ ಉಗುಳುವ ಬಡಾವಣೆಯಲ್ಲಿ, ಕುಡಿಯುವ ನೀರನ್ನು ಹುಲ್ಲಿಗೆ ಹರಿಸುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಒಂದೇ ಬೇಸಿಗೆ ಕಳೆದ ಮೇಲೆ ಅದನ್ನು ತೆಗೆಸಿದೆ.

ಅದರ ಬದಲು ಏನು ನೆಡಬೇಕೆಂಬುದಕ್ಕೆ ಉತ್ತರ ಊರ ಪಕ್ಕದ ಜೋಗಿಮಟ್ಟಿ ಗುಡ್ಡದ ಕಡೆಗೆ ಬೆಳಿಗ್ಗೆ ನಡೆಯಲು ಹೋಗುವ ದಾರಿಯಲ್ಲೇ ಇತ್ತು. ಯಾರೂ ನೀರು ಹಾಕದ ಆ ಇಳಿಜಾರಿನಲ್ಲಿ, ಕಲ್ಲುಗಳ ನಡುವೆ, ಹಳದಿ ಹೂವಿನ ಪೊದೆಗಿಡ ತಂಗಡಿ, ಬಂದರಿಕೆ, ಕವಳೆ, ಲಕ್ಕಿ, ಕಕ್ಕೆ ಎಲ್ಲವೂ ಬೆಳೆದು ನಿಂತಿದ್ದವು. ನಾನು ಎರಡು ಸಂಗತಿಗಳನ್ನು ಗಮನಿಸಿದೆ: ಗಿಡಗಳು ಒತ್ತೊತ್ತಾಗಿ ಬೆಳೆದಿರಲಿಲ್ಲ, ಮತ್ತು ಪ್ರತಿ ಗಿಡದ ಬುಡದಲ್ಲೂ ಕಲ್ಲೋ ತರಗೆಲೆಯೋ ಮಣ್ಣನ್ನು ಮುಚ್ಚಿತ್ತು. ಕಾಡಿನಿಂದ ಗಿಡ ಕಿತ್ತು ತರುವುದು ತಪ್ಪು. ತಂದರೂ ಆಳಕ್ಕೆ ಇಳಿದ ತಾಯಿಬೇರು ತುಂಡಾಗುವುದರಿಂದ ಅವು ಬದುಕುವುದು ಕಡಿಮೆ. ಆದ್ದರಿಂದ ಹೊಲದ ಬದುಗಳಲ್ಲಿ, ರಸ್ತೆಯ ಪಕ್ಕದಲ್ಲಿ ಬಲಿತು ಒಣಗಿದ ಕಾಯಿಗಳನ್ನು ಆರಿಸಿ ತಂದೆ. ಹೊಂಗೆ ಮತ್ತು ಕವಳೆಯ ಸಸಿಗಳನ್ನು ಮಾತ್ರ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಿಂದ ಕೊಂಡೆ.

ನೆಡುವುದಕ್ಕಿಂತ ಹೆಚ್ಚು ಶ್ರಮ ಬೇಡಿದ್ದು ಮಣ್ಣು. ಮನೆ ಕಟ್ಟುವಾಗ ಉಳಿದ ಸಿಮೆಂಟು ಗಾರೆ, ಇಟ್ಟಿಗೆ ಚೂರು, ಜಲ್ಲಿ ಎಲ್ಲವನ್ನೂ ಅಂಗಳದಲ್ಲೇ ಹರಡಿ, ಮೇಲೆ ಅರ್ಧ ಅಡಿ ಕೆಮ್ಮಣ್ಣು ಹಾಕಿ ಮಟ್ಟ ಮಾಡಿದ್ದರು. ಅದನ್ನು ಹಾರೆಯಿಂದ ಎಬ್ಬಿಸಿ, ಜರಡಿ ಹಿಡಿದು, ಕೆಳಗಿನ ಗರಸು ಮಣ್ಣು ಕಾಣುವವರೆಗೆ ತೆಗೆಸಲು ಹನ್ನೆರಡು ದಿನ ಹಿಡಿಯಿತು. ಇದೇ ಸಮಯದಲ್ಲಿ ಚಾವಣಿಯ ನೀರು ಬೀದಿಗೆ ಹರಿಯುವುದನ್ನು ತಪ್ಪಿಸಿ, ಅಂಗಳಕ್ಕೆ ಅಡ್ಡಲಾಗಿ ಒಂದೂವರೆ ಅಡಿ ಆಳದ ಎರಡು ಕಾಲುವೆ ತೋಡಿ, ಅವುಗಳಿಗೆ ದಪ್ಪ ಜಲ್ಲಿ ತುಂಬಿದೆ. ನಮ್ಮ ಚಾವಣಿ 1,000 ಚದರಡಿ; 25 ಮಿ.ಮೀ. ಮಳೆಯೊಂದು ಬಿದ್ದರೆ ಅದರಿಂದ 2,300 ಲೀಟರ್‌ನಷ್ಟು ನೀರು ಇಳಿಯುತ್ತದೆ. ಅದು ಬೇರಿನ ಮಟ್ಟದಲ್ಲೇ ಇಂಗುವಂತೆ ಮಾಡಿದ್ದು ಈ ಅಂಗಳದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸವೆಂದು ಈಗಲೂ ನಂಬುತ್ತೇನೆ.

ಮನೆಯ ಪಶ್ಚಿಮಕ್ಕೆ, ಮಧ್ಯಾಹ್ನದ ಬಿಸಿಲು ಗೋಡೆಗೆ ಬಡಿಯುವ ಕಡೆ, ಗೋಡೆಯಿಂದ 12 ಅಡಿ ಬಿಟ್ಟು ಒಂದು ಹೊಂಗೆ. ಗೇಟಿನ ಬಳಿ ಒಂದು ಕಕ್ಕೆ. ರಸ್ತೆಯ ಬದಿಗೆ ಬಂದರಿಕೆಯ ಬೇಲಿ. ಅದರ ಅಂಟು ಎಲೆಗೆ ಆಡು ದನಗಳು ಬಾಯಿ ಹಾಕುವುದಿಲ್ಲ, ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ಅದರ ಒಳಗೆ ತಂಗಡಿಯ ಐದು ಪೊದೆ, ಅವುಗಳ ಕಾಲ ಬಳಿ ಮುಳ್ಳುಗೋರಂಟಿ ಮತ್ತು ಶತಾವರಿ. ಹಿಂದಿನ ಮೂಲೆಗೆ ಕವಳೆ. ನಡೆದಾಡುವ ಜಾಗಕ್ಕೆ ಗರಿಕೆಯನ್ನೇ ಬಿಟ್ಟೆ. ಬೇಸಿಗೆಯಲ್ಲಿ ಅದು ಕಂದು ಬಣ್ಣಕ್ಕೆ ತಿರುಗುತ್ತದೆ, ಭರಣಿ ಮಳೆ ಬಿದ್ದ ವಾರದೊಳಗೆ ಮತ್ತೆ ಹಸುರಾಗುತ್ತದೆ. ಮೂರು ತಿಂಗಳು ಕಂದಾಗಿರುವ ಅಂಗಳವನ್ನು ಒಪ್ಪಿಕೊಳ್ಳಲಾಗದವರು ಈ ದಾರಿ ಹಿಡಿಯದಿರುವುದೇ ಒಳಿತು.

ಮೊದಲ ವರ್ಷ ತಂಗಡಿಯ ಬೀಜವನ್ನು ಹಾಗೆಯೇ ಬಿತ್ತಿದಾಗ ನೂರಕ್ಕೆ ನಾಲ್ಕೈದು ಮಾತ್ರ ಮೊಳೆತವು. ಅದರ ಸಿಪ್ಪೆ ಬಹಳ ಗಟ್ಟಿ. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಬೀಜ ಹಾಕಿ, ಅದು ತಾನಾಗಿ ಆರಿ ಮರುದಿನ ಬೆಳಿಗ್ಗೆಯವರೆಗೆ ನೆನೆದ ಮೇಲೆ, ಉಬ್ಬಿದ ಬೀಜಗಳನ್ನು ಮಾತ್ರ ಆರಿಸಿ ಬಿತ್ತಿದಾಗ ಅರ್ಧಕ್ಕಿಂತ ಹೆಚ್ಚು ಹುಟ್ಟಿದವು. ಕಕ್ಕೆಯ ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ತಿಕ್ಕಿ ಸವೆಸಿ ನೆನೆಸಿದೆ. ಸಸಿಗಳ ವಿಷಯದಲ್ಲೂ ಒಂದು ಪಾಠ ಕಲಿತೆ. ಬೇಗ ನೆರಳಾಗಲೆಂದು ಖಾಸಗಿ ನರ್ಸರಿಯೊಂದರಿಂದ ಆರಡಿ ಎತ್ತರದ ಹೊಂಗೆ ತಂದು ನೆಟ್ಟಿದ್ದೆ. ಅದರ ಬೇರು ಚೀಲದೊಳಗೆ ಸಿಂಬೆಯಂತೆ ಸುತ್ತಿಕೊಂಡಿತ್ತು. ಎರಡು ವರ್ಷ ಕಳೆದರೂ ಒಂದು ಗೇಣು ಬೆಳೆಯಲಿಲ್ಲ. ಕೊನೆಗೆ ಅದನ್ನು ತೆಗೆದೆ. ಈಗ ನೆರಳು ಕೊಡುತ್ತಿರುವುದು ಪಕ್ಕದಲ್ಲೇ ಇಟ್ಟಿದ್ದ ಒಂದಡಿಯ ಇಲಾಖೆಯ ಸಸಿ.

ನೆಡುವ ಕಾಲದ ಬಗ್ಗೆ ನಾನು ಬಯಲುಸೀಮೆಯವರಿಗೆ ಒತ್ತಿ ಹೇಳಬೇಕಾದದ್ದಿದೆ. ಜೂನ್ ಬಂದ ಕೂಡಲೇ ಸಸಿ ನೆಡುವುದು ರೂಢಿ. ಆದರೆ ಚಿತ್ರದುರ್ಗದ ಕಡೆ ಆಷಾಢದಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಜೋಗಿಮಟ್ಟಿಯ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮೃಗಶಿರದಲ್ಲಿ ನೆಟ್ಟ ನನ್ನ ಮೊದಲ ಇಪ್ಪತ್ತು ಸಸಿಗಳಲ್ಲಿ ಹನ್ನೊಂದು ಆ ಒಣಗಾಳಿಗೆ ಸತ್ತವು. ನಮ್ಮಲ್ಲಿ ಹದವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮರುವರ್ಷದಿಂದ ಗುಂಡಿಗಳನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟು, ಮಖೆ ಮಳೆಯ ಕೊನೆಗೆ ಅಥವಾ ಹುಬ್ಬೆಯ ಮೊದಲಿಗೆ, ಅಂದರೆ ಆಗಸ್ಟ್ ಕೊನೆಯ ಹೊತ್ತಿಗೆ, ನೆಡತೊಡಗಿದೆ. ಉತ್ತರೆ, ಹಸ್ತ, ಚಿತ್ತೆ ಮೂರೂ ಮಳೆ ಎಳೆಯ ಬೇರಿಗೆ ಸಿಗುತ್ತವೆ, ಬೇಸಿಗೆಯ ಹೊತ್ತಿಗೆ ಬೇರು ಆಳಕ್ಕೆ ಇಳಿದಿರುತ್ತದೆ. ಹಾಗೆ ನೆಟ್ಟವುಗಳಲ್ಲಿ ನಾನು ಕಳೆದುಕೊಂಡದ್ದು ಎರಡನ್ನು ಮಾತ್ರ.

ಬರ ತಡೆಯುವ ಗಿಡಕ್ಕೆ ನೀರೇ ಬೇಡವೆಂಬುದು ತಪ್ಪು ತಿಳಿವಳಿಕೆ. ಮೊದಲ ಬೇಸಿಗೆಯಲ್ಲಿ ಪ್ರತಿ ಮರದ ಸಸಿಯ ಪಕ್ಕ ಐದಾರು ಲೀಟರ್ ಹಿಡಿಯುವ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ, ಐದು ದಿನಕ್ಕೊಮ್ಮೆ ತುಂಬಿ ಬಾಯಿಗೆ ಕಲ್ಲು ಮುಚ್ಚಿದೆ. ಎರಡನೆಯ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಮೂರನೆಯದರಲ್ಲಿ ನಿಲ್ಲಿಸಿದೆ. ಬುಡಕ್ಕೆ ಮುಚ್ಚಿಗೆಯಾಗಿ ಚಳ್ಳಕೆರೆ ಕಡೆಯಿಂದ ಬರುವ ಶೇಂಗಾ ಸಿಪ್ಪೆ ಹರಡಿದೆ. ಅದು ಗೆದ್ದಲನ್ನೂ ಕರೆತಂದಿತು. ಕಾಂಡದ ಸುತ್ತ ಒಂದು ಗೇಣು ಜಾಗ ಖಾಲಿ ಬಿಟ್ಟು, ಅಲ್ಲಿಗೆ ಬೇವಿನ ಹಿಂಡಿ ಬೆರೆಸಿದ ಮೇಲೆ ತೊಂದರೆ ತಗ್ಗಿತು. ಕರಿಬೇವಿನೊಂದಿಗೆ ಹನಿ ನೀರಾವರಿಯ ಒಂದೇ ಸಾಲಿನಲ್ಲಿ ಸೇರಿಸಿದ್ದ ತಂಗಡಿಯೊಂದು ಹಳದಿಗೆ ತಿರುಗಿ, ಬುಡ ಕೊಳೆತು ಹೋಯಿತು. ನೀರು ಬೇಡುವ ಗಿಡ, ಬೇಡದ ಗಿಡಗಳನ್ನು ಬೇರೆ ಬೇರೆ ಪಾತಿಯಲ್ಲಿಡಬೇಕೆಂಬುದು ಆಗ ತಿಳಿಯಿತು.

"ಏನ್ ಮೇಷ್ಟ್ರೇ, ತಂಗಡಿ ಹಾಕಿದೀರಲ್ಲ, ಅದು ಬೀಳು ಹೊಲದ ಗಿಡ ಅಲ್ವಾ?" ಎಂದು ಎದುರು ಮನೆಯ ಹಿರಿಯರು ಕೇಳಿದ್ದರು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಅಂಚಿಲ್ಲದ ಅಂಗಳ ಪಾಳು ಬಿದ್ದಂತೆಯೇ ಕಾಣುತ್ತದೆ. ಪಾತಿಗಳ ಸುತ್ತ ಮೊಣಕಾಲುದ್ದದ ಕಲ್ಲುಗಳನ್ನು ಸಾಲಾಗಿ ಹುಗಿದು, ವರ್ಷಕ್ಕೆ ಎರಡು ಬಾರಿ ಬೇಲಿಯನ್ನು ಸಮನಾಗಿ ಕತ್ತರಿಸಿ, ಹೂವು ಮುಗಿದ ಮೇಲೆ ತಂಗಡಿಯ ಕೊಂಬೆಗಳನ್ನು ಮೂರನೆಯ ಒಂದರಷ್ಟು ಸವರತೊಡಗಿದ ಮೇಲೆ ಅದೇ ಗಿಡಗಳು ತೋಟವಾಗಿ ಕಂಡವು. ತಂಗಡಿಯ ಎಲೆ ತಿನ್ನುವ ಹಸುರು ಹುಳುಗಳಿಗೆ ಔಷಧ ಹೊಡೆಯುವುದಿಲ್ಲ. ಅವು ಚಿಟ್ಟೆಯ ಮರಿಗಳು. ತಿಂದ ಎಲೆ ಮತ್ತೆ ಚಿಗುರುತ್ತದೆ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ ನಮ್ಮ ಬೀದಿಗೆ ಟ್ಯಾಂಕರ್ ನೀರೇ ಗತಿಯಾಯಿತು. ಅಂಗಳಕ್ಕೆ ಒಂದು ಕೊಡ ನೀರೂ ಹೋಗಲಿಲ್ಲ. ತಂಗಡಿ ಕೆಳಗಿನ ಎಲೆಗಳನ್ನು ಉದುರಿಸಿ ತುದಿಯಲ್ಲಷ್ಟೇ ಹಸುರು ಉಳಿಸಿಕೊಂಡಿತು, ಗರಿಕೆ ಪೂರ್ತಿ ಒಣಗಿತು, ಒಂದು ಕವಳೆ ಸತ್ತಿತು. ಹೊಂಗೆ ಎಂದಿನಂತೆ ಎಲೆ ಕಳಚಿ ಯುಗಾದಿಯ ಹೊತ್ತಿಗೆ ಚಿಗುರಿತು. ಮೇ ತಿಂಗಳಲ್ಲಿ ಮಳೆ ಬಿದ್ದ ಹತ್ತನೆಯ ದಿನ ಗರಿಕೆಯ ಮೇಲೆ ಬರಿಗಾಲಿನಲ್ಲಿ ನಡೆದದ್ದು ನೆನಪಿದೆ.

ಉತ್ತರದ ಕಾಂಪೌಂಡಿಗೆ ಹೊಂದಿದ ಎರಡಡಿ ಅಗಲದ ಪಟ್ಟಿಯೊಂದು ಇನ್ನೂ ಹದಕ್ಕೆ ಬಂದಿಲ್ಲ. ಅಲ್ಲಿನ ಗಾರೆಯನ್ನು ಪೂರ್ತಿ ತೆಗೆದರೆ ಗೋಡೆಯ ಬುನಾದಿ ಸಡಿಲವಾಗುತ್ತದೆ. ಈ ಬಾರಿ ಹುಬ್ಬೆಯಲ್ಲಿ ಅಲ್ಲಿಗೆ ಲಕ್ಕಿಯ ಕಡ್ಡಿ ಊರಿದ್ದೇನೆ. ಆರರಲ್ಲಿ ನಾಲ್ಕು ಚಿಗುರಿವೆ.