ಗೆದ್ದ ಮೇಲೆ ಕೋರ್ಟ್ ಖರ್ಚು ಕೈಗೆ ಬರಬೇಕಾದರೆ

ಗಂಗಾವತಿಯಲ್ಲಿ ನಾನು ವಕೀಲರ ಗುಮಾಸ್ತ. ನಾನು ಕಟ್ಟಿದ ಫೈಲುಗಳಲ್ಲಿ ಜಾಸ್ತಿ ಇರೋದು ನೆಲ್ಲಿನ ಬಾಕಿ ಹಣದವು. ತೀರ್ಪಿನ ದಿನ ರೈತರು ಕೇಳುವುದು ಒಂದೇ: "ಖರ್ಚು ಸಹಿತ ಡಿಕ್ರಿ ಆಯ್ತಲ್ರಿ, ವಕೀಲರಿಗೆ ಕೊಟ್ಟಿದ್ದೆಲ್ಲ ವಾಪಸ್ ಬರ್ತದಾ?" ಡಿಕ್ರಿ ಅಂದರೆ ಯಾರು ಯಾರಿಗೆ ಏನು ಕೊಡಬೇಕು ಅಂತ ತೀರ್ಪಿನ ಮೇಲೆ ಕೋರ್ಟ್ ಬರೆಯುವ ಆದೇಶ. ಕೊಟ್ಟಿದ್ದೆಲ್ಲ ಬರುವುದಿಲ್ಲ. ದಾವಾ ಹಾಕುವ ಮುಂಚೆಯೇ ಇದು ಗೊತ್ತಿರಲಿ.

ಕಟ್ಟಿದ ಕೋರ್ಟ್ ಫೀ, ಸಮನ್ಸಿನ ಪ್ರೊಸೆಸ್ ಫೀ (ಅದನ್ನು ತಲುಪಿಸಲು ಕಟ್ಟುವ ಹಣ) ಲೆಕ್ಕಕ್ಕೆ ಬರುತ್ತವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ಎ ಆದೇಶದಲ್ಲಿ (ಸಂಹಿತೆಯ ನಿಯಮಗಳ ಒಂದು ಭಾಗ, ಆರ್ಡರ್ 20ಎ) ಇನ್ನೂ ಕೆಲವಿವೆ: ದಾವಾಕ್ಕೆ ಮುಂಚೆ ಕಳಿಸಿದ ನೋಟಿಸು, ಟೈಪಿಂಗು, ಕೋರ್ಟಿನ ದಾಖಲೆ ನೋಡಲು ಕಟ್ಟಿದ ಹಣ, ಸಾಕ್ಷಿ ಕರೆತಂದ ಖರ್ಚು. ವಕೀಲರ ಫೀ ಮಾತ್ರ ನೀವು ಕೊಟ್ಟಷ್ಟಲ್ಲ, ನಿಯಮದ ಪ್ರಕಾರ ಎಷ್ಟೋ ಅಷ್ಟೇ.

ಸಾಕ್ಷಿ ಖರ್ಚಿನಲ್ಲೇ ಜನ ಸೋಲುತ್ತಾರೆ. ನಮ್ಮ ಅಕ್ಕನ ದಾವಾದಲ್ಲಿ ನೆಲ್ಲು ತೂಗಿದ ಹಮಾಲನನ್ನು ಕಾರಟಗಿಯಿಂದ ಎರಡು ಸಲ ಗಾಡಿ ಮಾಡಿ ಕರೆತಂದೆವು. ಸಮನ್ಸ್ ಇಲ್ಲದೆ ಕರೆತಂದ ಸಾಕ್ಷಿಯ ಖರ್ಚನ್ನೂ ಕೇಳಬಹುದು. ಆದರೆ ಬಾಡಿಗೆಗೆ ಚೀಟಿ ಬರೆಸಿಕೊಂಡಿರಲಿಲ್ಲ. ಆ ಹಣ ಹೋಯಿತು. ನನ್ನ ಕೈಯಲ್ಲೇ ಆದ ತಪ್ಪು, ಇವತ್ತಿಗೂ ನೋವಿದೆ. ಅದಕ್ಕೇ ಈಗ ಯಾರು ಬಂದರೂ ಮೊದಲ ದಿನವೇ ಒಂದು ಕವರ್ ಕೊಟ್ಟು, ರಸೀದಿಗಳನ್ನೆಲ್ಲ ಇದರಲ್ಲೇ ಹಾಕಿ, ಹಿಂದೆ ತಾರೀಖು ಬರೆಯಿರಿ ಅನ್ನುತ್ತೇನೆ.

ವಾದ ಮುಗಿಯುವ ಹೊತ್ತಿಗೆ ಈ ಕವರ್ ವಕೀಲರಿಗೆ ಕೊಟ್ಟು, ಖರ್ಚಿನ ಮೆಮೊ, ಅಂದರೆ ಖರ್ಚಿನ ಲೆಕ್ಕದ ಪಟ್ಟಿ, ಕೋರ್ಟಿಗೆ ಹಾಕಿಸಿ. ಗೆದ್ದವರಿಗೆ ಖರ್ಚು ಕೊಡುವುದು ವಾಡಿಕೆ. ಕೊಡದಿದ್ದರೆ ಯಾಕೆ ಅಂತ ಜಡ್ಜ್ ಬರೆಯಬೇಕು, ಅದೇ ಸಂಹಿತೆಯ 35ನೇ ಕಲಂ ಹಾಗೇ ಹೇಳುತ್ತದೆ. ಕೇಳಿದ್ದರಲ್ಲಿ ಅರ್ಧವೇ ಸಿಕ್ಕರೆ ಖರ್ಚನ್ನೂ ಅದಕ್ಕೆ ತಕ್ಕಂತೆ ಇಳಿಸಬಹುದು.

ಎದುರಿನವರು ಸುಮ್ನೆ ವಾಯಿದೆ ಕೇಳಿ, ಅದಕ್ಕೆ ದಂಡದ ಖರ್ಚು ಕೊಟ್ಟಿದ್ದರೆ, ಅದನ್ನು ಡಿಕ್ರಿಯಲ್ಲಿ ಮತ್ತೆ ಸೇರಿಸುವುದಿಲ್ಲ. ಬೇಕಂತಲೇ ಸುಳ್ಳು ವಾದ ಹೂಡಿದ್ದರೆ 35ಎ ಕಲಂನಲ್ಲಿ ಪರಿಹಾರವಿದೆ, ಆದರೆ 3,000 ರೂಪಾಯಿ ದಾಟುವುದಿಲ್ಲ. ವರ್ಷಗಟ್ಟಲೆ ಅಲೆದವರಿಗೆ ಇದು ತೀರಾ ಕಡಿಮೆ, ಅಲ್ವಾ?

ಡಿಕ್ರಿಯ ನಕಲು ಬಂದ ಕೂಡಲೇ ಕೊನೆಯ ಖರ್ಚಿನ ಪಟ್ಟಿ ಓದಿ. ಕೂಡಿಸುವುದರಲ್ಲಿ ತಪ್ಪಿದ್ದರೆ 152ನೇ ಕಲಂ ಪ್ರಕಾರ ತಿದ್ದಿಸಬಹುದು. ಅವರಾಗಿ ಕೊಡದಿದ್ದರೆ ಅಮಲ್ಜಾರಿ ಅರ್ಜಿ (ಡಿಕ್ರಿ ಜಾರಿ ಮಾಡಿಸಿ ಅಂತ ಕೋರ್ಟಿಗೆ ಕೊಡುವ ಅರ್ಜಿ) ಹಾಕಲು 12 ವರ್ಷ ಸಮಯವಿದೆ. ಆ ಅರ್ಜಿಯಲ್ಲಿ ಅಸಲು, ಬಡ್ಡಿಯ ಜೊತೆ ಖರ್ಚಿನ ಮೊತ್ತವನ್ನೂ ಮರೆಯದೆ ಬರೆಸಿ.