ಹಳೆ ಮನೆಗೆ ಹೊಸ ವೈರಿಂಗ್: ಗೌಂಡಿ ಗೋಡೆ ಒಡೆಯುವ ಮೊದಲೇ ತೀರ್ಮಾನವಾಗಬೇಕಾದವು

ಮನೆ ರಿಪೇರಿ ಶುರುವಾದರೆ ಮೊದಲು ಟೈಲ್ಸ್ ಆರಿಸುತ್ತಾರೆ, ಆಮೇಲೆ ಬಣ್ಣ. ಕರೆಂಟಿನ ವಿಷಯ ನೆನಪಾಗುವುದು ಸ್ವಿಚ್ಚಿನ ಪ್ಲೇಟು ಕೊಳ್ಳುವಾಗ. ಅಷ್ಟರಲ್ಲಿ ಗಿಲಾಯಿ (ಪ್ಲಾಸ್ಟರ್) ಮುಗಿದಿರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಮನೆಗಳಿಗೆ ಈ ಕ್ರಮವನ್ನು ತಿರುಗಿಸಬೇಕು: ಮೊದಲು ಲೋಡು, ಆಮೇಲೆ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ), ಅದಾದ ಮೇಲೆ ವೈರಿನ ಪೈಪು. ಪ್ಲೇಟಿನ ಬಣ್ಣ ಕೊನೆಗೆ.

ಲೋಡನ್ನು ಕಾಗದದ ಮೇಲೆ ಕೂಡಿಸಿ ನೋಡಿ. ಒಂದೂವರೆ ಟನ್ ಎಸಿ ಸುಮಾರು 1,700 ವ್ಯಾಟ್, ಗೀಸರ್ 2,000, ಒಂದು ಎಚ್‌ಪಿ ಬೋರ್ ಮೋಟಾರ್ ಸುಮಾರು 1,100, ಇಸ್ತ್ರಿ 1,000, ಮಿಕ್ಸರ್ 750, ಎರಡು ಕೂಲರ್ 400, ಫ್ರಿಜ್ 200, ಲೈಟು-ಫ್ಯಾನು 600, ಟಿವಿ 100. ಎಲ್ಲವನ್ನೂ ಒಂದೇ ಸಲ ಯಾರೂ ಹಾಕುವುದಿಲ್ಲ. ನಮ್ಮ ಕಡೆ ಲೋಡು ಏರುವುದು ಎರಡು ಹೊತ್ತು. ಮೇ ತಿಂಗಳ ಸಂಜೆ ಎಸಿ, ಕೂಲರ್, ಮೋಟಾರ್, ಫ್ಯಾನು, ಫ್ರಿಜ್, ಟಿವಿ ಸೇರಿ 4,100 ವ್ಯಾಟ್, ಅಂದರೆ 18 ಆಂಪಿಯರ್. ಡಿಸೆಂಬರ್ ಬೆಳಿಗ್ಗೆ, ಅದರಲ್ಲೂ ಬೀದರಿನ ಚಳಿಗೆ, ಗೀಸರ್, ಮೋಟಾರ್, ಇಸ್ತ್ರಿ, ಮಿಕ್ಸರ್, ಫ್ರಿಜ್, ಒಂದಿಷ್ಟು ದೀಪ ಸೇರಿದರೆ 5,300 ದಾಟಿ 23 ಆಂಪಿಯರ್ ಆಗುತ್ತದೆ. ಮಂಜೂರಾದ ಲೋಡ್ ಎಷ್ಟೆಂದು ಜೆಸ್ಕಾಂ ಬಿಲ್ಲಿನಲ್ಲೇ ಇರುತ್ತದೆ. ಅಲ್ಲಿ 1 ಅಥವಾ 2 ಕಿಲೋವ್ಯಾಟ್ ಇದ್ದರೆ ಕೆಲಸ ಶುರುವಾಗುವ ಮೊದಲೇ ಆರ್.ಆರ್. ನಂಬರ್ ಹಿಡಿದು ಸೆಕ್ಷನ್ ಆಫೀಸಿಗೆ ಹೋಗಿ ಲೋಡ್ ಹೆಚ್ಚಿಸಲು ಅರ್ಜಿ ಕೊಡಿ. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಬರುವುದರಿಂದ ಸುಮ್ಮನೆ 10 ಕಿಲೋವ್ಯಾಟ್ ಬರೆಸಿ ತಿಂಗಳು ತಿಂಗಳು ದುಡ್ಡು ಕಟ್ಟುವುದೂ ಬೇಡ. ಅರ್ಜಿಗೆ ಲೈಸೆನ್ಸ್ ಇರುವ ಗುತ್ತಿಗೆದಾರನ ಸಹಿ ಬೇಕಾಗುತ್ತದೆ. ಹಾಗಾಗಿ ಮಿಸ್ತ್ರಿಯನ್ನು ಗೊತ್ತುಮಾಡುವಾಗಲೇ ಲೈಸೆನ್ಸ್ ಕೇಳಿ.

ಇನ್ನು ಅರ್ಥಿಂಗ್. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಸಿಕ್ಕಿರುವುದು ಇದೇ. ಕಂಬದಿಂದ ಬರುವುದು ಸಾಮಾನ್ಯವಾಗಿ ಫೇಸ್, ನ್ಯೂಟ್ರಲ್ ಎರಡೇ. ಅರ್ಥ್ ನಿಮ್ಮ ಅಂಗಳದ್ದು. ಯಾದಗಿರಿ, ಕಲಬುರಗಿಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಪೈಪನ್ನು ಬಿಗಿಯಾಗಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಆಗಸ್ಟಿನಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಕೂಲರ್ ಹಾಕುವ ಏಪ್ರಿಲ್‌ನಲ್ಲೇ ಕೈಕೊಡುವುದು ಹೀಗೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ತೇವವೇ ನಿಲ್ಲುವುದಿಲ್ಲ. ಅಲ್ಲಿ ಒಂದು ಪೈಪು ಸಾಲದೆಂದೇ ಇಟ್ಟುಕೊಳ್ಳಿ.

40 ಮಿ.ಮೀ. ವ್ಯಾಸ, ಎರಡೂವರೆಯಿಂದ 3 ಮೀಟರ್ ಉದ್ದದ ಜಿಐ ಪೈಪನ್ನು ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರದಲ್ಲಿ ಇಳಿಸಿ, ಸುತ್ತ ಇದ್ದಿಲು-ಉಪ್ಪು ಅಥವಾ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿಸಿ. ಉಪ್ಪು ಮಳೆಗೆ ಕರಗಿ ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ, ಬೆಂಟೊನೈಟ್ ವಾಸಿ. ಮೇಲೆ ನೀರು ಹೊಯ್ಯಲು ಫನೆಲ್ ಮತ್ತು ಮುಚ್ಚಳ ಇರುವ ಸಣ್ಣ ಚೇಂಬರ್ ಬೇಕೇ ಬೇಕು. ಅಂಗಳಕ್ಕೆ ಫರಸಿ ಹಾಸುವ ಗೌಂಡಿ ಅದನ್ನು ಮುಚ್ಚಿಬಿಡದಂತೆ ನಿಂತು ನೋಡಿಕೊಳ್ಳಿ. ಎರಡನೇ ಪೈಪು ಹಾಕಿದರೆ ಮೊದಲಿನದರಿಂದ ಕನಿಷ್ಠ 3 ಮೀಟರ್ ಆಚೆ ಇರಲಿ. ಅರ್ಥ್ ಟೆಸ್ಟರಿನಲ್ಲಿ 5 ಓಮ್‌ಗಿಂತ ಕಡಿಮೆ ಬರಬೇಕು, ಅದನ್ನು ಅಳೆಯಬೇಕಾದ್ದು ಏಪ್ರಿಲ್–ಮೇನಲ್ಲಿ.

5 ಓಮ್ ಬಂದರೂ ಎಂಸಿಬಿಯನ್ನೇ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್ಚು) ನಂಬಿ ಕೂರುವಂತಿಲ್ಲ. ತಗಡಿನ ಕೂಲರಿನ ಮೈಗೆ ಫೇಸ್ ತಗುಲಿತು ಅನ್ನಿ. 230 ವೋಲ್ಟನ್ನು 5 ಓಮ್‌ನಿಂದ ಭಾಗಿಸಿದರೆ ನೆಲಕ್ಕೆ ಹರಿಯುವುದು ಹೆಚ್ಚೆಂದರೆ 46 ಆಂಪಿಯರ್. 16 ಆಂಪಿಯರಿನ ಸಿ ಕರ್ವ್ (ಶುರುವಿನ ಜೋರು ಎಳೆತಕ್ಕೆ ಬೀಳದ ಬಗೆಯ) ಎಂಸಿಬಿ ತಟ್ಟನೆ ಬೀಳಲು 80ರಿಂದ 160 ಆಂಪಿಯರ್ ಬೇಕು. ಅದು ಬಿಸಿಯಾಗಿ ಬೀಳುವವರೆಗೆ ಕೂಲರಿನ ಮೈಯಲ್ಲಿ ಕರೆಂಟು ಇದ್ದೇ ಇರುತ್ತದೆ, ಕೆಳಗೆ ನೆಲ ಒದ್ದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಬೀಳುವ ಸ್ವಿಚ್ಚು, ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ಬಜೆಟ್ ಎಲ್ಲಿ ಕಡಿಮೆ ಮಾಡಿದರೂ ಇಲ್ಲಿ ಮಾಡಬೇಡಿ. ಆದರೆ ಆರ್‌ಸಿಸಿಬಿ ಓವರ್‌ಲೋಡಿಗೆ ಬೀಳುವುದಿಲ್ಲ. 40 ಆಂಪಿಯರಿನದಕ್ಕೆ ಮುಂದೆ 32 ಆಂಪಿಯರಿನ ಎಂಸಿಬಿ ಇರಲಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಪ್ಲಗ್ಗಿನ ಅರ್ಥ್ ಪಿನ್ನಿಗೆ ನ್ಯೂಟ್ರಲ್ ಸೇರಿಸಿ ಕೊಡುವ ಮಿಸ್ತ್ರಿಗಳಿದ್ದಾರೆ. ಗಾಳಿಮಳೆಗೆ ಕಂಬದಲ್ಲಿ ನ್ಯೂಟ್ರಲ್ ಹರಿದ ದಿನ ಮನೆಯ ಫ್ರಿಜ್, ಕೂಲರ್, ವಾಷಿಂಗ್ ಮಷಿನ್ ಎಲ್ಲದರ ಮೈಗೂ ಕರೆಂಟು ಬರುತ್ತದೆ. ಹಾಗೆ ಮಾಡುವವನಿಗೆ ಕೆಲಸ ಕೊಡಬೇಡಿ.

ವೈರಿನ ಲೆಕ್ಕ ಸರಳ. ಲೈಟು-ಫ್ಯಾನಿಗೆ 1.5 ಚದರ ಮಿ.ಮೀ. ತಾಮ್ರ, 10 ಆಂಪಿಯರ್ ಎಂಸಿಬಿ. ಪ್ಲಗ್ಗಿಗೆ, 2 ಕಿಲೋವ್ಯಾಟ್ ಗೀಸರಿಗೆ 2.5, ಎಂಸಿಬಿ 16. ಎಸಿಗೆ, 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರಿಗೆ 4, ಎಂಸಿಬಿ 20. ಎಸಿಗೂ ಮೋಟಾರಿಗೂ ಸಿ ಕರ್ವ್. ಮೀಟರಿನಿಂದ ಬೋರ್ಡಿಗೆ 10 ಚದರ ಮಿ.ಮೀ. ವೈರು. ವೈರಿನ ಮೇಲೆ ಐಎಸ್ 694 ಗುರುತು ನೋಡಿ. ಎರಡು ಬೆಡ್‌ರೂಮಿನ ಮನೆಗೆ 90 ಮೀಟರಿನ ಕಾಯಿಲ್ 1.5ರದ್ದು ಐದಾರು, 2.5ರದ್ದು ಮೂರು–ನಾಲ್ಕು, 4ರದ್ದು ಎರಡು, ಹಸಿರು ಅರ್ಥ್ ವೈರ್ ಬೇರೆ. ಬೋರ್ಡು 12 ವೇ (12 ಎಂಸಿಬಿ ಕೂರುವಂಥದ್ದು) ಇರಲಿ, ಎರಡು ಜಾಗ ಖಾಲಿ ಬಿಡಿ. ಸ್ಲ್ಯಾಬಿನೊಳಗೆ ಬಿಸಿಲಿಗೆ ಕಾಯುವ ಪೈಪಿನಲ್ಲಿ ವೈರ್ ತುರುಕಿದರೆ ಶಾಖ ಹೋಗಲು ದಾರಿ ಇರದು, 25 ಮಿ.ಮೀ. ಪೈಪಿಗೆ 2.5ರ ವೈರು ಆರೇಳಕ್ಕಿಂತ ಹೆಚ್ಚು ಬೇಡ. ಹಳೆಯ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರ ತಿರುಚಿ ಟೇಪು ಸುತ್ತಿದರೆ ಆ ಗಂಟು ಸವೆದು, ಸಡಿಲಾಗಿ ಸುಡುತ್ತದೆ. ಹಳೆಯದನ್ನು ಪೂರ್ತಿ ಕಿತ್ತುಹಾಕಿ.

ಕಲ್ಲು-ಮಣ್ಣಿನ ದಪ್ಪ ಗೋಡೆ ಇರುವ ಹಳೆ ಮನೆಯಲ್ಲಿ ಕಟರ್ ಹಾಕಿ ಗಾಡಿ (ಪೈಪು ಹೂಳುವ ಕಾಲುವೆ) ತೋಡಲು ಹೋಗಬೇಡಿ. ಕಲ್ಲು ಸಡಿಲಾಗಿ ಮಣ್ಣು ಉದುರುತ್ತದೆ. ಅಲ್ಲಿ ಗೋಡೆಯ ಮೇಲೇ ಪೈಪು ಅಥವಾ ಕೇಸಿಂಗ್-ಕ್ಯಾಪಿಂಗ್ (ಮುಚ್ಚಳ ಇರುವ ಪಟ್ಟಿ) ಹಾಕಿ, ಚೊಕ್ಕವಾಗಿ ಹಾಕಿದರೆ ನೋಡಲಿಕ್ಕೂ ಚೆಂದ. ಶಹಾಬಾದ್ ಫರಸಿ ಎಬ್ಬಿಸಿ ಅದರ ಕೆಳಗೆ ಪೈಪು ಓಡಿಸುವ ಉಪಾಯವೂ ಬೇಡ, ನೆಲ ತೊಳೆದ ನೀರು ಸಂದಿಯಿಂದ ಇಳಿಯುತ್ತದೆ. ಇಟ್ಟಿಗೆ ಗೋಡೆಯಲ್ಲಿ ಗಾಡಿ ನೇರ ಅಥವಾ ಅಡ್ಡ ಮಾತ್ರ, ಓರೆ ಎಂದೂ ಇಲ್ಲ. ನಾಳೆ ಮೊಳೆ ಹೊಡೆಯುವವನಿಗೆ ಪೈಪು ಎಲ್ಲಿದೆ ಎಂದು ಊಹಿಸಲಿಕ್ಕಾದರೂ ಆಗಬೇಕು. ಗಿಲಾಯಿಗೆ ಮೊದಲು ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೊ ತೆಗೆದಿಡಿ. ವೈರು ಎಳೆಯುವುದು ಗಿಲಾಯಿ ಒಣಗಿದ ಮೇಲೆ.

ಪಾಯಿಂಟುಗಳಲ್ಲಿ ಮರೆತುಹೋಗುವುದು ಸಾಮಾನ್ಯವಾಗಿ ಕೂಲರಿನದು. ಪ್ರತಿ ರೂಮಿನ ಕಿಟಕಿಯ ಹತ್ತಿರ ಒಳಬದಿಗೆ ಒಂದು ಮೂರು ಪಿನ್ನಿನ ಪ್ಲಗ್ ಇರಲಿ. ಹೊರಗೆ ಬೇಕೇ ಬೇಕಾದರೆ ಮುಚ್ಚಳದ ವಾಟರ್‌ಪ್ರೂಫ್ ಬಾಕ್ಸ್ ಹಾಕಿ. ಅಡುಗೆ ಕಟ್ಟೆಯ ಮೇಲೆ 16 ಆಂಪಿಯರಿನವು ಮೂರಾದರೂ ಬೇಕು. ಗೀಸರಿನ ಸ್ವಿಚ್ಚು ಬಚ್ಚಲಿನ ಹೊರಗೆ.

ಬೋರ್ ಮೋಟಾರಿಗೆ ಬೇರೆ ಆರ್‌ಸಿಸಿಬಿ ಕೊಡಿ. ಹಳೆ ಸಬ್‌ಮರ್ಸಿಬಲ್‌ಗಳಲ್ಲಿ ಸ್ವಲ್ಪ ಲೀಕೇಜ್ ಇದ್ದೇ ಇರುತ್ತದೆ. ಒಂದೇ ಆರ್‌ಸಿಸಿಬಿ ಇದ್ದರೆ ಮೋಟಾರ್ ಹಾಕಿದಾಗಲೆಲ್ಲ ಮನೆಯೆಲ್ಲ ಕತ್ತಲೆ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದು ಮೋಟಾರ್ ಹೆಚ್ಚು ಕರೆಂಟು ಎಳೆಯುತ್ತದೆ, ಬೋರಿನ ನೀರೂ ತಳ ಸೇರಿರುತ್ತದೆ. ಹಾಗಾಗಿ ಸ್ಟಾರ್ಟರಿನಲ್ಲಿ ಲೋ ವೋಲ್ಟೇಜ್ ಮತ್ತು ಡ್ರೈ ರನ್ ರಕ್ಷಣೆ ಎರಡೂ ಇರಲಿ.

ಇನ್ವರ್ಟರ್ ಸೇರಿಸುವಾಗಲೇ ಹೆಚ್ಚಿನ ತಕರಾರು. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿತೇ ಎಂದು ಆರ್‌ಸಿಸಿಬಿ ನೋಡುತ್ತಿರುತ್ತದೆ. ಇನ್ವರ್ಟರಿನ ದೀಪದ ನ್ಯೂಟ್ರಲ್ಲನ್ನು ಸಿಕ್ಕ ನ್ಯೂಟ್ರಲ್ಲಿಗೆ ಸೇರಿಸಿದರೆ ಲೆಕ್ಕ ತಪ್ಪಿ ಅದು ಬೀಳುತ್ತಲೇ ಇರುತ್ತದೆ. ಆಗ ಮಿಸ್ತ್ರಿ "ಆರ್‌ಸಿಸಿಬಿಯೇ ಖರಾಬ್" ಎಂದು ಅದನ್ನು ಬೈಪಾಸ್ ಮಾಡಿ ಹೋಗುತ್ತಾನೆ. ಇನ್ವರ್ಟರಿನಿಂದ ಫೇಸ್, ನ್ಯೂಟ್ರಲ್ ಎರಡನ್ನೂ ಅದರದೇ ಸಣ್ಣ ಬೋರ್ಡಿಗೆ ಒಯ್ದು, ಅಲ್ಲಿ ಬೇರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಪ್ರತಿ ಆರ್‌ಸಿಸಿಬಿಗೂ ಬೇರೆ ನ್ಯೂಟ್ರಲ್ ಪಟ್ಟಿ ಇರಲಿ.

ಕೊನೆಯ ಹಣ ಕೊಡುವ ಮೊದಲು ಪರೀಕ್ಷೆ ನಿಮ್ಮ ಎದುರಿಗೇ ಆಗಲಿ. ಉಪಕರಣ, ಬಲ್ಬು ಎಲ್ಲ ಬಿಚ್ಚಿ 500 ವೋಲ್ಟ್ ಮೆಗ್ಗರ್ (ವೈರಿನ ಸಿಪ್ಪೆ ಗಟ್ಟಿ ಇದೆಯೇ ಎಂದು ಅಳೆಯುವ ಸಾಧನ) ಹಿಡಿದರೆ ಪ್ರತಿ ಸರ್ಕ್ಯೂಟಿನಲ್ಲೂ ಕನಿಷ್ಠ 1 ಮೆಗಾ ಓಮ್ ಬರಬೇಕು. ಹೊಸ ವೈರಿನಲ್ಲಿ ಅದಕ್ಕಿಂತ ಬಹಳ ಹೆಚ್ಚೇ ಬರುತ್ತದೆ, ಅಂಚಿನಲ್ಲಿ ಬಂದರೆ ಎಲ್ಲೋ ವೈರಿನ ಸಿಪ್ಪೆ ಸುಲಿದಿದೆ ಎಂದೇ ಅರ್ಥ. ಪ್ರತಿ ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಅಂಗಳದ ಪೈಪಿನವರೆಗೆ ಕಂಟಿನ್ಯುಯಿಟಿ (ಎಲ್ಲೂ ಕಡಿಯದ ಸಂಪರ್ಕ) ನೋಡಿಸಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿಸಿ. ಆಮೇಲೆ ಗೀಸರ್, ಎಸಿ, ಇಸ್ತ್ರಿ ಒಟ್ಟಿಗೆ ಒಂದು ತಾಸು ನಡೆಸಿ. ನಂತರ ಮೇನ್ ಆಫ್ ಮಾಡಿ, ಬೋರ್ಡು ತೆಗೆಸಿ ಸ್ಕ್ರೂಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡಿಸಿ. ಯಾವುದಾದರೂ ಎಂಸಿಬಿಯ ಬುಡದಲ್ಲಿ ವೈರಿನ ಬಣ್ಣ ಕಂದಿದ್ದರೆ ಆ ತುದಿಯನ್ನು ಕತ್ತರಿಸಿ ಹೊಸದಾಗಿ ಕೂಡಿಸಬೇಕು.