ಕೆಟ್ಟ ಸುದ್ದಿ ಬೋರ್ಡಿನ ತನಕ ಬರಬೇಕಾದರೆ

ಐಎಲ್ ಆಂಡ್ ಎಫ್‌ಎಸ್ ನೆನಪಿದೆಯಾ? 2018ರಲ್ಲಿ ಸಾಲ ತೀರಿಸಲಾಗದೆ ಕುಸಿದ ಕಂಪನಿ. ತಲೆ ಮೇಲಿದ್ದ ಸಾಲ ಸುಮಾರು 91 ಸಾವಿರ ಕೋಟಿ ರೂಪಾಯಿ. ಅಪಾಯದ ಮೇಲೆ ಕಣ್ಣಿಡಲು ಅಲ್ಲಿ ಒಂದು ಕಮಿಟಿಯೂ ಇತ್ತು. 2015ರಿಂದ 2018ರ ನಡುವೆ ಅದು ಸೇರಿದ್ದು ಒಂದೇ ಸಲ!

ಆದ್ದರಿಂದ ನೀವು ಕಂಪನಿಯ ಬೋರ್ಡಿನಲ್ಲಿ, ಅಂದರೆ ನಿರ್ದೇಶಕರ ಮಂಡಳಿಯಲ್ಲಿ ಇದ್ದರೆ, ಮೊದಲು ಈ ಕಮಿಟಿಯ ಸಭೆಯ ತಾರೀಕು ಗೊತ್ತುಮಾಡಿ. ಷೇರುಪೇಟೆಯಲ್ಲಿ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳಿಗೆ ಷೇರುಪೇಟೆಯ ನಿಯಂತ್ರಕ ಸೆಬಿ ಇಂಥ ರಿಸ್ಕ್ ಕಮಿಟಿಯನ್ನು ಕಡ್ಡಾಯ ಮಾಡಿದೆ. ವರ್ಷಕ್ಕೆ ಕನಿಷ್ಠ ಎರಡು ಸಭೆ ನಡೆಯಬೇಕು. ನನ್ನನ್ನು ಕೇಳಿದರೆ ಎರಡು ಸಾಲದು, ಮೂರು ತಿಂಗಳಿಗೊಮ್ಮೆ ಸೇರಿ. ಬೋರ್ಡ್ ಸಭೆಯ ಹಿಂದಿನ ದಿನವೇ ಇಟ್ಟುಕೊಂಡರೆ ಅನುಕೂಲ. ಊಟದ ಗಂಟೆಗೆ ಮುಂಚಿನ ಹತ್ತು ನಿಮಿಷಕ್ಕೆ ಈ ವಿಷಯವನ್ನು ತಳ್ಳಬೇಡಿ.

ಆಮೇಲೆ ಅಪಾಯಗಳ ಪಟ್ಟಿ ಕತ್ತರಿಸಿ. ಕೆಂಪು, ಹಳದಿ, ಹಸಿರು ಬಣ್ಣ ಬಳಿದ ಎಂಬತ್ತು ಸಾಲಿನ ಪಟ್ಟಿಯನ್ನು ಯಾರೂ ಓದುವುದಿಲ್ಲ. ಕಂಪನಿಯನ್ನೇ ಮುಳುಗಿಸಬಲ್ಲ ಐದಾರನ್ನು ಆರಿಸಿ. ಒಂದೊಂದಕ್ಕೂ ಒಬ್ಬರ ಹೆಸರು ಬರೆಯಿರಿ. ‘ಹಣಕಾಸು ವಿಭಾಗ’ ಅಂತ ಬರೆದರೆ ಯಾರೂ ಅದನ್ನು ಹೊರುವುದಿಲ್ಲ. ಐಎಲ್ ಆಂಡ್ ಎಫ್‌ಎಸ್‌ನಲ್ಲಿ ಹಣ ಹೂಡಿದ್ದು ರಸ್ತೆಯಂಥ ಯೋಜನೆಗಳಿಗೆ, ಅದು ವಾಪಸ್ ಬರಲು ವರ್ಷಗಳೇ ಬೇಕು. ಸಾಲದ ದೊಡ್ಡ ಪಾಲನ್ನೋ ಬೇಗ ತೀರಿಸಬೇಕಿತ್ತು. ‘ಮುಂದಿನ ಆರು ತಿಂಗಳು ಹೊಸ ಸಾಲ ಸಿಗದಿದ್ದರೆ ಏನು ಮಾಡ್ತೀರಿ?’ ಇಂಥ ಪ್ರಶ್ನೆಗೆ ಉತ್ತರ ಅಂಕಿಯಲ್ಲೇ ಬರಬೇಕು.

ಮಿತಿಯೂ ಹಾಗೇ. ‘ನಾವು ಎಚ್ಚರದಿಂದ ಇದ್ದೇವೆ’ ಅನ್ನುವುದು ಮಿತಿಯಲ್ಲ. ‘ಒಬ್ಬನೇ ಗ್ರಾಹಕನಿಂದ ಬರುವ ಆದಾಯ ಕಾಲು ಭಾಗ ದಾಟಬಾರದು’ ಅನ್ನುವುದು ಮಿತಿ. ದಾಟಿದರೆ ಅದೇ ವಾರ ನಿರ್ದೇಶಕರಿಗೆ ತಿಳಿಯಬೇಕು.

ಇನ್ನು ಕಷ್ಟದ ಕೆಲಸ. ಎಂಡಿಯನ್ನು (ಕಂಪನಿ ನಡೆಸುವ ವ್ಯವಸ್ಥಾಪಕ ನಿರ್ದೇಶಕರನ್ನು) ದಾಟಿ ಸುದ್ದಿ ಬರಲು ಒಂದು ದಾರಿ ಬೇಕು. 2008ರ ಡಿಸೆಂಬರ್‌ನಲ್ಲಿ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಬೋರ್ಡ್, ಪ್ರವರ್ತಕರ (ಕಂಪನಿ ಕಟ್ಟಿದವರ) ಕುಟುಂಬಕ್ಕೆ ಸೇರಿದ ಎರಡು ಕಂಪನಿಗಳನ್ನು ಕೊಳ್ಳಲು ಒಪ್ಪಿತು. ಆ ಬೋರ್ಡಿನಲ್ಲಿ ದೊಡ್ಡ ದೊಡ್ಡ ಓದಿನವರೇ ಇದ್ದರು. ಷೇರುದಾರರು ಸಿಡಿದೆದ್ದ ಮೇಲೆ ನಿರ್ಧಾರ ರದ್ದಾಯಿತು. ಮೂರೇ ವಾರಕ್ಕೆ, 2009ರ ಜನವರಿ 7ರಂದು, ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕದಲ್ಲಿ ತೋರಿಸಿದ 5,040 ಕೋಟಿ ರೂಪಾಯಿ ನಗದು ಇರಲೇ ಇಲ್ಲ.

ಹೆಸರು ದೊಡ್ಡದಿದ್ದರೆ ಸಾಲದು, ಅಲ್ವಾ? ಇಂಟರ್ನಲ್ ಆಡಿಟರ್ (ಕಂಪನಿಯ ಒಳಗಿನ ಲೆಕ್ಕ ಪರಿಶೋಧಕ) ಮತ್ತು ರಿಸ್ಕ್ ಅಧಿಕಾರಿಯನ್ನು ವರ್ಷಕ್ಕೆ ಎರಡು ಸಲವಾದರೂ, ಎಂಡಿ ಇಲ್ಲದ ಕೋಣೆಯಲ್ಲಿ ಕೂರಿಸಿ ಮಾತಾಡಿಸಿ. ಅವರ ನೇಮಕ, ಸಂಬಳ, ವರ್ಗಾವಣೆಯಲ್ಲಿ ಕಮಿಟಿಯ ಮಾತೂ ನಡೆಯಬೇಕು. ಇಲ್ಲದಿದ್ದರೆ ಅವರು ಬಾಯಿ ಬಿಡುವುದಿಲ್ಲ. ಖಾತೆಯಲ್ಲಿ ಎಷ್ಟು ಹಣವಿದೆ ಎಂದು ಹೇಳುವ ಬ್ಯಾಂಕಿನ ದೃಢೀಕರಣ ಪತ್ರ ಹೊರಗಿನ ಆಡಿಟರ್ ಕೈಗೆ ನೇರ ಬಂತಾ, ಕಂಪನಿಯ ಮೂಲಕ ಬಂತಾ ಎಂದು ಕೇಳಿ. ಸ್ವತಂತ್ರ ನಿರ್ದೇಶಕರು (ಕಂಪನಿ ನಡೆಸುವವರ ಜೊತೆ ನಂಟಿಲ್ಲದವರು) ವರ್ಷಕ್ಕೆ ಒಮ್ಮೆಯಾದರೂ ತಾವಷ್ಟೇ ಸೇರಬೇಕು ಅಂತ ಕಂಪನಿ ಕಾನೂನೇ ಹೇಳುತ್ತದೆ. ಅದನ್ನು ಸುಮ್ನೆ ಕಾಫಿ ಕುಡಿದು ಮುಗಿಸಬೇಡಿ.

ಮಿನಿಟ್ಸ್‌ನಲ್ಲಿ (ಸಭೆಯ ನಡಾವಳಿ ಪುಸ್ತಕದಲ್ಲಿ) ‘ಚರ್ಚಿಸಲಾಯಿತು’ ಅಂತ ಬರೆದರೆ ಒಪ್ಪಬೇಡಿ. ಯಾರು ಏನು ಕೇಳಿದರು, ಉತ್ತರ ಏನು, ಬಾಕಿ ಉತ್ತರ ಯಾವ ತಾರೀಕಿಗೆ ಬರುತ್ತದೆ, ಇಷ್ಟಾದರೂ ಇರಲಿ. ಯಾವ ಪ್ರಶ್ನೆಗೆ ಎಂಡಿ ಮುಖ ಗಂಟಿಕ್ಕಿದರೋ ಅದನ್ನು ಮುಂದಿನ ಸಭೆಯ ಮೊದಲ ವಿಷಯವಾಗಿ ಹಾಕಿಸಿ.